ನ್ಯೆಪಿಯಂದು ಗೇಟು ದಾಟಬೇಡಿ

ಕೊಳಾಯಿ ನೀರು ಕುಡಿಯಬೇಡಿ. ಬಾಗಿಲ ಮುಂದೆ ತೆಂಗಿನ ಗರಿಯ ದೊನ್ನೆಯಲ್ಲಿ ದೇವರಿಗೆ ಇಟ್ಟ ಹೂವು, ಅನ್ನವನ್ನು ತುಳಿಯಬೇಡಿ. ದೇವಸ್ಥಾನಕ್ಕೆ ಹೋಗುವಾಗ ಸೊಂಟಕ್ಕೆ ವಸ್ತ್ರ ಸುತ್ತಿಕೊಳ್ಳಿ. ರಸ್ತೆಯಲ್ಲಿ ಮೆರವಣಿಗೆ ಎದುರಾದರೆ ಹಾರನ್ ಹೊಡೆಯಬೇಡಿ, ಎಂಜಿನ್ ನಿಲ್ಲಿಸಿ ಕಾಯಿರಿ. ಕೋತಿ ಕನ್ನಡಕ ಕಿತ್ತುಕೊಂಡರೆ ಹಿಂದೆ ಓಡಬೇಡಿ, ಹಣ್ಣು ತೋರಿಸಿ. ಹೋಟೆಲಿನ ರಿಸೆಪ್ಷನ್ ಮೇಜಿನ ಹಿಂದೆ ನಿಂತು ಇಪ್ಪತ್ತು ವರ್ಷಗಳಿಂದ ಇದನ್ನೇ ಹೇಳುತ್ತಿದ್ದೇನೆ. ಹೇಳಿ ಹೇಳಿ ನಾಲಿಗೆ ಸವೆದಿದೆ. ಈಗೀಗ ಬಾಯಿ ತಾನಾಗಿಯೇ ಹೇಳಿಕೊಂಡು ಹೋಗುತ್ತದೆ, ನಾನು ಬೇರೇನನ್ನೋ ಯೋಚಿಸುತ್ತಿರುತ್ತೇನೆ. ಹೆಚ್ಚಾಗಿ ನನ್ನ ಕಾಲು ನೋವಿನ ಬಗ್ಗೆ.

ಕೇಳುವವರು ತಲೆಯಾಡಿಸುತ್ತಾರೆ. ಮೂರನೇ ದಿನ ಕೊಳಾಯಿ ನೀರು ಕುಡಿದು ಹೊಟ್ಟೆ ಹಿಡಿದುಕೊಂಡು ಬರುತ್ತಾರೆ. ನಾನು ಮಾತ್ರೆ ಕೊಟ್ಟು ಅದೇ ಮಾತನ್ನು ಮತ್ತೆ ಹೇಳುತ್ತೇನೆ. ಇದಕ್ಕೆಲ್ಲ ಬೇಜಾರು ಮಾಡಿಕೊಳ್ಳುವ ವಯಸ್ಸು ದಾಟಿದೆ.

ನ್ಯೆಪಿಯ ವಿಷಯ ಮಾತ್ರ ಹಾಗೆ ಬಿಡುವಂಥದ್ದಲ್ಲ. ಮಾರ್ಚ್ ಹೊತ್ತಿಗೆ ಬರುವ ಅಮಾವಾಸ್ಯೆಯ ಮರುದಿನ ನಮ್ಮ ಶಕ ವರ್ಷ ಹುಟ್ಟುತ್ತದೆ. ಅವತ್ತು ಬೆಳಿಗ್ಗೆ ಆರರಿಂದ ಮರುದಿನ ಬೆಳಿಗ್ಗೆ ಆರರವರೆಗೆ ಇಡೀ ಬಾಲಿ ಉಸಿರು ಬಿಗಿಹಿಡಿದು ಕೂರುತ್ತದೆ. ಬೆಂಕಿ ಹಚ್ಚುವಂತಿಲ್ಲ, ಕೆಲಸ ಮಾಡುವಂತಿಲ್ಲ, ಮನೆಯಿಂದ ಆಚೆ ಹೋಗುವಂತಿಲ್ಲ, ಮೋಜು ಮಾಡುವಂತಿಲ್ಲ. ವಿಮಾನ ಕೂಡ ಇಳಿಯುವುದಿಲ್ಲ. ಹಿಂದಿನ ಸಂಜೆ ಪಾತ್ರೆ ಪಡಗ ಬಡಿದು, ಬಿದಿರಿನ ರಾಕ್ಷಸರನ್ನು ಹೊತ್ತು ಕುಣಿಸಿ, ಭೂತಗಳನ್ನೆಲ್ಲ ಎಬ್ಬಿಸಿರುತ್ತೇವೆ. ಅವು ಮರುದಿನ ಬಂದು ನೋಡಿದಾಗ ದ್ವೀಪದಲ್ಲಿ ನರಪಿಳ್ಳೆಯೂ ಇಲ್ಲ ಅನ್ನಿಸಬೇಕು, ಬೇಜಾರಾಗಿ ಹೊರಟುಹೋಗಬೇಕು. ಅತಿಥಿಗಳಿಗೆ ಇದನ್ನು ಹೇಳಿದರೆ ನಗುತ್ತಾರೆ. ಬಾಲ್ಕನಿಯಲ್ಲಿ ದೀಪ ಕಂಡರೆ ಪೆಚಲಾಂಗ್ ಬಂದು ಬಾಗಿಲು ತಟ್ಟುತ್ತಾರೆ ಎಂದರೆ ನಗು ನಿಲ್ಲಿಸುತ್ತಾರೆ. ಪೆಚಲಾಂಗ್ ಎಂದರೆ ಕೇರಿಯ ಕಾವಲಿನವರು, ಕರಿಬಿಳಿ ಚೌಕಳಿ ವಸ್ತ್ರ ಸುತ್ತಿ ಕಠಾರಿ ಸಿಕ್ಕಿಸಿಕೊಂಡಿರುತ್ತಾರೆ. ಅವತ್ತು ರಸ್ತೆಯ ಮೇಲೆ ಅವರನ್ನು ಬಿಟ್ಟರೆ ನಾಯಿಗಳು ಮಾತ್ರ.

ಊರಿಗೆ ಊರೇ ಮನೆಯಲ್ಲಿ ಕೂರುವ ಆ ದಿನ ಹೋಟೆಲಿನವರು ಹೋಟೆಲಿನಲ್ಲೇ ಕೂರಬೇಕು. ಹಿಂದಿನ ದಿನ ಮಾಡಿಟ್ಟ ಊಟ ಬಡಿಸುವವರು, ಪರದೆ ಎಳೆಯುವವರು, ಗೇಟಿನ ಹತ್ತಿರ ಸುಳಿದಾಡುವವರನ್ನು ನಗುತ್ತಾ ಹಿಂದೆ ಕಳಿಸುವವರು ಬೇಕಲ್ಲ. ಮೊದಲ ಹತ್ತೊಂಬತ್ತು ನ್ಯೆಪಿಗಳನ್ನೂ ನಾನು ಹಾಗೆಯೇ ಕಳೆದೆ. ಮನೆ ಇರುವುದು ಮೂರು ಕಿಲೋಮೀಟರ್ ದೂರದಲ್ಲಿ.

ಮೇಮೆಗೆ, ಅಂದರೆ ನಮ್ಮಮ್ಮನಿಗೆ, ಆಗ ಎಪ್ಪತ್ತೆಂಟು. ಮಂಡಿ ಹೋಗಿತ್ತು, ಉಸಿರು ಆಗಾಗ ಕಟ್ಟುತ್ತಿತ್ತು, ನಾಲಿಗೆಗೆ ಮಾತ್ರ ಏನೂ ಆಗಿರಲಿಲ್ಲ. ಹಬ್ಬ ಇನ್ನೂ ಎರಡು ತಿಂಗಳಿರುವಾಗ ಒಂದು ದಿನ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು.

"ನೆಂಗಾ, ಈ ಸಲ ನ್ಯೆಪಿಗೆ ಮನೇಲಿರು."

"ನೋಡ್ತೀನಿ ಮೇಮೆ."

"ನೋಡೋದೇನು ಬಂತು? ಹತ್ತೊಂಬತ್ತು ವರ್ಷದಿಂದ ನೋಡ್ತಾನೇ ಇದೀಯ. ಬೇರೆ ದಿನ ಬರ್ತೀಯ, ಮೈಮೇಲೆ ನೀರು ಹಾಕ್ಕೋತೀಯ, ಬಿದ್ಕೋತೀಯ, ಎದ್ದು ಹೋಗ್ತೀಯ. ಅದಕ್ಕೆ ಮನೇಲಿರೋದು ಅಂತಾರಾ? ನ್ಯೆಪಿ ದಿನ ಯಾರೂ ಎಲ್ಲೂ ಹೋಗೋ ಹಂಗಿಲ್ಲ. ಒಂದೇ ಒಂದು ದಿನ ನೀನು ನನ್ನ ಪಕ್ಕ ಕೂತಿರಬೇಕು, ಎದ್ದು ಹೋಗ್ತೀನಿ ಅಂದ್ರೂ ದಾರಿ ಇರಬಾರದು. ನಂಗಿನ್ನೆಷ್ಟು ನ್ಯೆಪಿ ಇದೆ, ನಿಂಗೊತ್ತಾ?"

"ನಿಂಗೊತ್ತಾ?"

"ನಂಗೂ ಗೊತ್ತಿಲ್ಲ. ಅದಕ್ಕೇ ಬಾಯಿಬಿಟ್ಟು ಕೇಳ್ತಿರೋದು."

ಅವಳು ನನ್ನನ್ನು ಏನನ್ನೂ ಕೇಳಿದವಳಲ್ಲ. ಬರುತ್ತೇನೆ ಎಂದು ಮಾತು ಕೊಟ್ಟೆ. ಕೊಟ್ಟ ಮೇಲೆ ಮ್ಯಾನೇಜರ್ ಮೇಡಂ ಹತ್ತಿರ ರಜೆ ಕೇಳಲು ಹತ್ತು ದಿನ ಬೇಕಾಯಿತು. ದಿನಾ ಅವರ ಕೋಣೆಯ ಬಾಗಿಲವರೆಗೆ ಹೋಗಿ, ಬೇರೇನೋ ಕಾಗದಕ್ಕೆ ಸಹಿ ಹಾಕಿಸಿಕೊಂಡು ಬರುತ್ತಿದ್ದೆ.

"ನೀವಿಲ್ದೆ ನ್ಯೆಪಿನಾ ನೆಂಗಾ ಲೋದ್ರ ಅವರೇ?" ಎಂದರು ಕೊನೆಗೆ ಕೇಳಿದಾಗ. ಆಮೇಲೆ ನನ್ನ ಮುಖ ನೋಡಿ ಅವರಿಗೂ ಏನೋ ಅನ್ನಿಸಿರಬೇಕು. "ಸರಿ, ಹಿಂದಿನ ಸಂಜೆ ನಾಲ್ಕಕ್ಕೆ ಹೊರಡಿ. ಅಷ್ಟರಲ್ಲಿ ಎಲ್ಲ ಗೆಸ್ಟುಗಳಿಗೂ ಹೇಳಿ ಮುಗಿಸಿರಿ. ಒಬ್ಬರೂ ಆಚೆ ಇರಬಾರದು."

ಮೇಮೆ ಈ ಸುದ್ದಿಯನ್ನು ಕೇರಿಗೆಲ್ಲ ಹಂಚಿದಳು. ನನ್ನ ಹೆಂಡತಿ ಸುವಾಸ್ತಿಯ ಕೈಯಲ್ಲಿ ಅಂಟಕ್ಕಿಯ ಸಿಹಿ ಕಡುಬು ಮಾಡಿಸಿಟ್ಟಳು, ಮೇಲೆ ಉದುರಿಸಲು ತೆಂಗಿನಕಾಯಿ ತಾನೇ ತುರಿದಳಂತೆ. ದೇವರಿಗಲ್ಲ, ನನಗೆ.

ಹಬ್ಬದ ಹಿಂದಿನ ದಿನ ಮೂರೂವರೆಗೆ ತಲೆ ಎಣಿಸಿದೆ. ಹನ್ನೊಂದನೇ ನಂಬರ್ ರೂಮಿನ ಬೆಲ್ಜಿಯಂನವನು ಇರಲಿಲ್ಲ. ಸಂಜೆ ರಸ್ತೆ ಕಟ್ಟುತ್ತಾರೆ, ಆಮೇಲೆ ವಾಪಸು ಬರಲು ಆಗುವುದಿಲ್ಲ, ಎಲ್ಲಿಗೂ ಹೋಗಬೇಡಿ ಎಂದು ಅವನಿಗೆ ಎರಡು ಸಲ ಹೇಳಿದ್ದೆ. ಅವನು ಎರಡು ಸಲವೂ ತಲೆಯಾಡಿಸಿದ್ದ. ಬಾಡಿಗೆ ಸ್ಕೂಟರ್ ಹತ್ತಿ ರಾಕ್ಷಸರ ಮೆರವಣಿಗೆ ನೋಡಲು ಪೇಟೆಗೆ ಹೋಗಿದ್ದಾನೆ ಎಂದು ಅಡುಗೆಯವನು ಹೇಳಿದ.

ನಮ್ಮ ಅತಿಥಿ ನ್ಯೆಪಿಯ ದಿನ ರಸ್ತೆಯಲ್ಲಿ ಸಿಕ್ಕಿಬಿದ್ದರೆ ಕೇರಿಯ ಸಭೆಯ ಮುಂದೆ ಕೈಕಟ್ಟಿ ನಿಲ್ಲಬೇಕಾದವನು ಅವನಲ್ಲ, ಹೋಟೆಲಿನವರು. ನನ್ನ ಬದಲಿಗೆ ಬಂದಿದ್ದವಳು ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತಷ್ಟೆ. "ನಾನು ನೋಡ್ಕೋತೀನಿ, ನೀವು ಹೊರಡಿ ಸರ್" ಎಂದಳು ಪಾಪ. ನಿಜ ಹೇಳಬೇಕೆಂದರೆ ಹೋಗಬಹುದಿತ್ತು. ಹತ್ತೊಂಬತ್ತು ವರ್ಷದ ಅಭ್ಯಾಸ ಕಾಲು ಕಟ್ಟಿಹಾಕಿತು. ಐದಕ್ಕೆ ಹೋಗೋಣ ಎಂದುಕೊಂಡೆ, ಆಮೇಲೆ ಆರಕ್ಕೆ, ಆಮೇಲೆ ರಸ್ತೆಗಳನ್ನು ಕಟ್ಟಿದರು.

ಪುಣ್ಯಾತ್ಮ ಬಂದದ್ದು ಮೆರವಣಿಗೆ ಮುಗಿದು ರಸ್ತೆಗಳನ್ನು ಬಿಟ್ಟ ಮೇಲೆ, ಬೆಳಗಿನ ಜಾವ ಐದು ಹೊಡೆಯುವಾಗ. ಮುಖಕ್ಕೆಲ್ಲ ಮಸಿ, ಬಾಯಿತುಂಬ ನಗು. ನನ್ನ ಬೆನ್ನು ತಟ್ಟಿ ಇಂಥದ್ದನ್ನು ಜನ್ಮದಲ್ಲಿ ನೋಡಿಲ್ಲ ಎಂದ. ಅವನನ್ನು ಕೋಣೆಗೆ ಕಳಿಸಿ, ಇನ್ನೂ ಒಂದು ಗಂಟೆ ಇದೆ, ಮನೆಗೆ ಗಾಡಿಯಲ್ಲಿ ಐದು ನಿಮಿಷದ ದಾರಿ ಎಂದುಕೊಂಡು ಶೂ ಹಾಕಿಕೊಳ್ಳಲು ಕುರ್ಚಿಯಲ್ಲಿ ಕೂತೆ. ಎರಡು ದಿನದಿಂದ ಕೂತಿರಲಿಲ್ಲ. ಒಂದು ಕಾಲಿಗೆ ಹಾಕಿದ್ದು ನೆನಪಿದೆ.

ಎಚ್ಚರವಾದಾಗ ಗಡಿಯಾರ ನೋಡುವ ಮೊದಲೇ ತಿಳಿಯಿತು. ಒಂದು ಗಾಡಿಯ ಸದ್ದಿಲ್ಲ, ಒಂದು ಪೊರಕೆಯ ಸದ್ದಿಲ್ಲ. ಆರೂ ಇಪ್ಪತ್ತು. ನನಗೆ ನನ್ನ ಮೇಲೇ ಅಸಹ್ಯವಾಯಿತು. ಒಂದೇ ಶೂನಲ್ಲಿ ಗೇಟಿಗೆ ಓಡಿದೆ.

ಗೇಟಿನ ಆಚೆ ಇಬ್ಬರು ಪೆಚಲಾಂಗ್ ನಿಂತಿದ್ದರು. ಒಬ್ಬ ಸುವೆತ, ನನ್ನ ಜೊತೆ ಶಾಲೆಗೆ ಹೋದವನು. ಇನ್ನೊಬ್ಬರು ಗೆಂದ್ರ ಮೇಷ್ಟ್ರು, ನಮಗಿಬ್ಬರಿಗೂ ಲೆಕ್ಕ ಕಲಿಸಿದವರು, ನಿವೃತ್ತರಾದ ಮೇಲೂ ಯಾರನ್ನೂ ವಿದ್ಯಾರ್ಥಿ ಪಟ್ಟದಿಂದ ಇಳಿಸಿದವರಲ್ಲ. ಮಾತೆಲ್ಲ ಪಿಸುಗುಟ್ಟುತ್ತಲೇ ನಡೆಯಿತು.

"ಏನೋ ಇದು, ಇನ್ನೂ ಇಲ್ಲೇ ಇದೀಯ?" ಎಂದ ಸುವೆತ. "ಮಗ ಬರ್ತಾನೆ, ಮಗ ಬರ್ತಾನೆ ಅಂತ ನಿಮ್ಮಮ್ಮ ಊರಿಗೆಲ್ಲ ಡಂಗುರ ಹೊಡೆದಿದ್ರು."

"ಕೂತಲ್ಲೇ ನಿದ್ದೆ ಹತ್ತಿಬಿಡ್ತು ಕಣೋ. ಈಗ ಹೋಗ್ತೀನಿ. ಗದ್ದೆ ಬದುವಿನ ಮೇಲೆ ನಡ್ಕೊಂಡು ಹೋಗ್ತೀನಿ, ಯಾರಿಗೂ ಕಾಣಲ್ಲ."

"ಭೂತಗಳಿಗೂ ಕಾಣಲ್ವಾ?"

ಮೇಷ್ಟ್ರು ಗೇಟಿನ ಸರಳಿಗೆ ಹತ್ತಿರ ಬಂದರು. "ನೆಂಗಾ, ನಿನ್ನ ಗೆಸ್ಟ್ ಒಬ್ಬ ಬಂದು, ಅರ್ಧ ಗಂಟೆ ಅಷ್ಟೇ, ಗದ್ದೆ ಮೇಲೆ ಹೋಗ್ಬಿಡ್ತೀನಿ ಅಂದ್ರೆ ಏನು ಹೇಳ್ತೀಯ?"

ನಾನು ಶೂ ಇಲ್ಲದ ಕಾಲನ್ನು ಇನ್ನೊಂದರ ಹಿಂದೆ ಸರಿಸಿದೆ.

"ಹೇಳಪ್ಪ. ಅವರಿಗೆ ಹೇಳೋ ಹಂಗೇ ಹೇಳು."

"ಕ್ಷಮಿಸಿ, ಆಗೋದಿಲ್ಲ ಅಂತೀನಿ ಮೇಷ್ಟ್ರೇ."

"ಹಂ. ಮತ್ತೆ?"

ಸುವೆತನಿಗೆ ನನ್ನನ್ನು ನೋಡಿ ಕನಿಕರವಾಯಿತೋ ತಮಾಷೆಯಾಯಿತೋ, "ಮೂರಕ್ಕೆ ಮಾತ್ರ ಬಿಡ್ತಾರೆ ಅಂತ ನಿಂಗೇ ಗೊತ್ತು. ಹೆರಿಗೆ, ಸಾವು, ಇಲ್ಲಾ ಜೀವ ಹೋಗೋ ಅಂಥ ಕಾಯಿಲೆ. ನಿಂದು ಯಾವ್ದು ಹೇಳು, ನಾವೇ ಕರ್ಕೊಂಡು ಹೋಗ್ತೀವಿ" ಎಂದು ಹಲ್ಲು ಕಿರಿದ.

"ಮೇಮೆಗೆ ತುಂಬಾ ಜೋರಾಗಿದೆ," ಎಂದೆ. "ಇವತ್ತಿನ ದಿನ ದಾಟಲ್ಲ ಅಂತಾರೆ."

ಅತಿಥಿಗಳಿಗೆ ಹೇಳುವ ಅದೇ ದನಿಯಲ್ಲಿ, ಅಷ್ಟೇ ನಯವಾಗಿ ಬಂತು ಮಾತು. ಬಂದ ಮೇಲೆ ತಲೆಯೆತ್ತಿ ಮೇಲಕ್ಕೆ ನೋಡಿದೆ. ವರ್ಷದಲ್ಲಿ ಒಂದೇ ದಿನ ಭೂತಗಳು ತಲೆಯ ಮೇಲೆ ಅಲೆಯುತ್ತಾ ಎಲ್ಲಿ ಸದ್ದು ಬರುತ್ತದೆ ಎಂದು ಕಿವಿಗೊಟ್ಟಿರುತ್ತವೆ. ನಮ್ಮಲ್ಲಿ ಅವತ್ತು ಮಗುವನ್ನು ಕೂಡ ಹೆಸರು ಹಿಡಿದು ಜೋರಾಗಿ ಕರೆಯುವುದಿಲ್ಲ. ಅಂಥ ದಿನ, ತೆರೆದ ಆಕಾಶದ ಕೆಳಗೆ, ನಮ್ಮಮ್ಮ ಸಾಯುತ್ತಿದ್ದಾಳೆ ಎಂದು ನಾನೇ ಹೇಳಿದ್ದೆ.

ಸುವೆತನ ನಗು ಇಳಿದುಹೋಯಿತು. ಮೇಷ್ಟ್ರು ನನ್ನ ಮುಖವನ್ನೂ ಕಾಲನ್ನೂ ನೋಡಿದರು.

"ಇನ್ನೊಂದು ಶೂ ಹಾಕ್ಕೊಂಡು ಬಾ," ಎಂದರು.

ಮೂರು ಕಿಲೋಮೀಟರ್ ನಡೆದೆವು, ಮುಂದೆ ಮೇಷ್ಟ್ರು, ಹಿಂದೆ ನಾವಿಬ್ಬರು. ಅಂಗಡಿಗಳ ಬಾಗಿಲುಗಳೆಲ್ಲ ಮುಚ್ಚಿದ್ದವು. ಮೂರು ದಾರಿ ಕೂಡುವಲ್ಲಿ ಸುಟ್ಟ ರಾಕ್ಷಸನ ಬಿದಿರಿನ ಬೆರಳುಗಳು ಬಿದ್ದಿದ್ದವು. ಒಂದು ಕೋಳಿ ರಸ್ತೆಯ ನಟ್ಟನಡುವೆ ಕಾಳು ಹುಡುಕುತ್ತಾ ನಿಂತಿತ್ತು, ನಮ್ಮನ್ನು ಕಂಡರೂ ಸರಿಯಲಿಲ್ಲ. ಗದ್ದೆಯ ನೀರು ಹರಿಯುವುದು ಕೇಳುತ್ತಿತ್ತು. ಈ ಮೌನ ಹೇಗಿರುತ್ತದೆ ಎಂದು ಹತ್ತೊಂಬತ್ತು ವರ್ಷ ನೂರಾರು ಜನಕ್ಕೆ ವಿವರಿಸಿದ್ದೆ. ಈ ರಸ್ತೆಯಲ್ಲಿ ಅದನ್ನು ಕೇಳಿದ್ದು ಅವತ್ತೇ. ಕೇಳಿ ಸಂತೋಷಪಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

"ನಿಜಾನೇನೋ?" ಎಂದು ಸುವೆತ ಕಿವಿಯಲ್ಲಿ ಕೇಳಿದ. ನಾನು ಹೆಜ್ಜೆ ಬಿರುಸು ಮಾಡಿದೆ. "ಅಯ್ಯೋ ನಿನ್ನ," ಎಂದು ಹಣೆ ಒತ್ತಿಕೊಂಡ.

ನಮ್ಮ ಮನೆಯ ಅಂಗಳ ಹೊಕ್ಕಾಗ ಮೇಮೆ ಸೂರಿನ ಕೆಳಗಿನ ಕಟ್ಟೆಯ ತುದಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ತೊಡೆಯ ಮೇಲೆ ಬಾಳೆಲೆ, ಎಲೆಯಲ್ಲಿ ಕಡುಬು, ಬಾಯಿಯಲ್ಲೂ ಕಡುಬು. ಉಪವಾಸ ಮಾಡುವ ವಯಸ್ಸಲ್ಲ ಎಂದು ಪೂಜಾರಿಯೇ ಅವಳಿಗೆ ಹೇಳಿದ್ದರು. ಸುವಾಸ್ತಿ ಪಕ್ಕದಲ್ಲಿ ಚಾಪೆ ಹಾಸುತ್ತಿದ್ದಳು. ನನ್ನ ಜೊತೆ ಪೆಚಲಾಂಗ್ ಬಂದದ್ದು ನೋಡಿ ಅವಳ ಕೈ ನಿಂತುಹೋಯಿತು.

ಮೇಷ್ಟ್ರು ಕೈಮುಗಿದು, "ಬೆಳಿಗ್ಗೆ ಬೆಳಿಗ್ಗೆ ತೊಂದರೆ ಕೊಡ್ತಿದೀವಿ. ನಿಮಗೆ ತುಂಬಾ ಜೋರಾಗಿದೆ, ಇವತ್ತು ದಾಟಲ್ಲ ಅಂತ ನಿಮ್ಮ ಮಗ ಹೇಳಿದ" ಎಂದರು.

ಸುವಾಸ್ತಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಮೇಮೆ ಅಗಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಚಿಕ್ಕಂದಿನಲ್ಲಿ ಯಾರದ್ದೋ ಮಾವಿನಕಾಯಿ ಕದ್ದು ಸಿಕ್ಕಿಬಿದ್ದಾಗ ಹೀಗೆಯೇ ನೋಡುತ್ತಿದ್ದಳು. ನನಗೆ ನೆಲ ಬಾಯಿಬಿಡಬಾರದೆ ಅನ್ನಿಸಿತು. ಅವಳು ಬಾಯಲ್ಲಿದ್ದದ್ದನ್ನು ನುಂಗಿದಳು. ಬೆರಳು ಒರೆಸಿಕೊಂಡಳು. ಎಲೆಯನ್ನು ಪಕ್ಕಕ್ಕೆ ಸರಿಸಿ, ಒಂದೊಂದೇ ಕಾಲನ್ನು ಎತ್ತಿ ಕಟ್ಟೆಯ ಮೇಲಿಟ್ಟು, ಚಾಪೆಯ ಮೇಲೆ ಮಲಗಿ, ಕುತ್ತಿಗೆಯವರೆಗೂ ಹೊದಿಕೆ ಎಳೆದುಕೊಂಡಳು.

"ಹೂಂ ಮೇಷ್ಟ್ರೇ," ಎಂದಳು ಕ್ಷೀಣವಾಗಿ. "ಎದ್ದಾಗಿನಿಂದ ಹಿಂಗೇ."

"ಏನಾಗ್ತಿದೆ?"

"ಏನು ಆಗ್ತಿಲ್ಲ ಕೇಳಿ. ಎಲ್ಲಾನೂ ಆಗ್ತಿದೆ."

"ಹಂಗಾದ್ರೆ ಆಂಬುಲೆನ್ಸ್ ಕರೆಸ್ತೀನಿ. ಅದಕ್ಕೆ ಇವತ್ತೂ ಅನುಮತಿ ಇದೆ."

ಮೇಮೆಯ ಒಂದು ಕಣ್ಣು ತೆರೆಯಿತು. "ಅದೆಲ್ಲ ಬೇಡಿ. ಹೋಗೋದಾದ್ರೆ ನಮ್ಮನೆ ಕಟ್ಟೆ ಮೇಲಿಂದಾನೇ ಹೋಗ್ತೀನಿ. ಮಗ ಬಂದ್ನಲ್ಲ, ಅಷ್ಟೇ ಬೇಕಾಗಿದ್ದು."

ಮೇಷ್ಟ್ರು ಅವಳ ತುಟಿಯ ಮೇಲೆ ಅಂಟಿದ್ದ ತೆಂಗಿನ ತುರಿಯನ್ನು ಸ್ವಲ್ಪ ಹೊತ್ತು ನೋಡಿದರು. ಸುವೆತ ಬೆನ್ನು ತಿರುಗಿಸಿ ನಿಂತಿದ್ದ, ಅವನ ಭುಜ ಕುಲುಕುತ್ತಿತ್ತು.

"ಸರಿ," ಎಂದರು ಮೇಷ್ಟ್ರು. "ಇಂಥ ಕಾಯಿಲೆ ಇರೋ ಮನೇಲಿ ಮಗ ಪಕ್ಕ ಬಿಟ್ಟು ಏಳಬಾರದು. ನಾಳೆ ಬೆಳಿಗ್ಗೆ ಆರರ ತನಕ. ನಾವು ರೌಂಡು ಹಾಕುವಾಗಲೆಲ್ಲ ಬಂದು ನೋಡ್ತೀವಿ. ನೀವೂ ಮಲಗೇ ಇರಬೇಕು."

"ನಾನೂನಾ?" ಮೇಮೆಯ ದನಿ ಸ್ವಲ್ಪ ಗಟ್ಟಿಯಾಯಿತು.

"ಜೋರಾಗಿದೆಯಲ್ಲ ನಿಮಗೆ?"

ಬಾಗಿಲವರೆಗೆ ಅವರ ಜೊ‍ತೆ ಹೋದೆ. ಮೇಷ್ಟ್ರು ಹೊಸ್ತಿಲಲ್ಲಿ ನಿಂತು, "ಸುಳ್ಳು ಅಂತ ಗೊತ್ತಾಗೋಕೆ ಮೇಷ್ಟ್ರೇ ಆಗಿರಬೇಕಾಗಿಲ್ಲ ನೆಂಗಾ. ಬರೋ ವರ್ಷದ ರಾಕ್ಷಸನಿಗೆ ಬಿದಿರು ಸೀಳೋ ಕೆಲಸ ಪೂರ್ತಿ ನಿಂದು," ಎಂದರು. ಎರಡು ಹೆಜ್ಜೆ ಹೋಗಿ ಮತ್ತೆ ತಿರುಗಿದರು. "ನನಗೆ ಸುಳ್ಳು ಹೇಳಿದ್ದಕ್ಕೆ ಅಷ್ಟು ಸಾಕು. ಇಂಥ ದಿನ ಇಂಥ ಮಾತು ಬಾಯಿಂದ ಬಿಟ್ಟೆಯಲ್ಲ, ಅದಕ್ಕೆ ಏನು ಅಂತ ನನಗೂ ಗೊತ್ತಿಲ್ಲಪ್ಪ."

ಅಂಗಳಕ್ಕೆ ಬಂದರೆ ಸುವಾಸ್ತಿ ಕಾದಿದ್ದಳು. "ಹಬ್ಬದ ದಿನ! ಅದೂ ಹೆತ್ತಮ್ಮನ ಬಗ್ಗೆ! ಹೆಂಗ್ರೀ ನಾಲಿಗೆ ಹೊರಳ್ತು ನಿಮಗೆ?" ಜೋರಾಗಿ ಬೈಯುವಂತಿರಲಿಲ್ಲವಾದ್ದರಿಂದ ಅವಳ ಸಿಟ್ಟೆಲ್ಲ ಕಣ್ಣಿಗೆ ಬಂದಿತ್ತು.

"ಬಿಡೇ," ಎಂದಳು ಮೇಮೆ ಮಲಗಿದಲ್ಲಿಂದಲೇ. "ಯಾವ ದಾರೀಲಾದ್ರೂ ಬರ್ಲಿ, ಬಂದ್ನಲ್ಲ."

ಸುವಾಸ್ತಿ ಒಳಗೆ ಹೋದಳು. ನಾನು ಚಾಪೆಯ ಪಕ್ಕದಲ್ಲಿ ಕಾಲು ಮಡಚಿ ಕೂತೆ.

"ತಪ್ಪಾಯ್ತು ಮೇಮೆ."

"ಆಯ್ತು. ಭೂತಗಳು ಕೇಳಿಸ್ಕೊಂಡಿದ್ರೆ ಬಂದು ನೋಡ್ಕೊಂಡು ಹೋಗ್ಲಿ. ಮಲಗಿದೀನಲ್ಲ." ಆಮೇಲೆ ಅಂಗಳದ ಆಚೆಗಿದ್ದ ಪೂರ್ವದ ಕಟ್ಟೆಯ ಕಡೆ ಕಣ್ಣು ಹಾಯಿಸಿದಳು. ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದು ಅಲ್ಲಿ, ನಮ್ಮಪ್ಪನನ್ನೂ ಅಲ್ಲೇ ಮಲಗಿಸಿದ್ದೆವು. "ಅಲ್ಲಿ ಮಲಗು ಅಂತ ನಿಮ್ಮ ಮೇಷ್ಟ್ರು ಹೇಳಲಿಲ್ಲವಲ್ಲ, ದೊಡ್ಡದು."

ಬಿಸಿಲು ಏರಿತು. ಮೇಷ್ಟ್ರು ಒಂಬತ್ತಕ್ಕೆ ಬಂದು ಇಣುಕಿ ನೋಡಿದರು, ಮೇಮೆ ನರಳಿದಳು. ಹನ್ನೊಂದಕ್ಕೆ ಬಂದರು, ಆಗ ನಿಜವಾಗಿಯೇ ನಿದ್ದೆ ಹೋಗಿದ್ದಳು. ನಾನು ಅವಳ ಮುಖದ ಮೇಲೆ ಕೂರುತ್ತಿದ್ದ ನೊಣಗಳನ್ನು ಕೈಯಲ್ಲಿ ಓಡಿಸುತ್ತಾ ಕೂತಿದ್ದೆ. ಬಹಳ ವರ್ಷಗಳ ನಂತರ ಅವಳ ಮುಖವನ್ನು ಅಷ್ಟು ಹೊತ್ತು ನೋಡಿದ್ದು. ಕೆನ್ನೆ ಒಳಗೆ ಹೋಗಿತ್ತು, ಕಿವಿಯ ತೂತು ಜೋತುಬಿದ್ದಿತ್ತು. ಯಾವಾಗ ಇಷ್ಟು ಮುದುಕಿಯಾದಳೋ ನನಗೆ ತಿಳಿದೇ ಇರಲಿಲ್ಲ. ಮೂರು ಕಿಲೋಮೀಟರ್ ದೂರದಲ್ಲಿದ್ದೂ ತಿಳಿದಿರಲಿಲ್ಲ ಎಂದರೆ ನನ್ನಂಥ ಮಗ ಇದ್ದರೆಷ್ಟು ಬಿಟ್ಟರೆಷ್ಟು.

ಮಧ್ಯಾಹ್ನ ಎಚ್ಚರವಾದ ಮೇಲೆ ಅವಳು ನೀರು ಕೇಳಿ ಕುಡಿದಳು. ಆಮೇಲೆ, "ದಿನಾ ಆ ಬಿಳಿಯರಿಗೆ ಏನೋ ಹೇಳ್ತೀಯಂತಲ್ಲ, ಏನದು?" ಎಂದಳು.

"ಏನಿಲ್ಲ ಮೇಮೆ. ಹೊಸ ದೇಶಕ್ಕೆ ಬರ್ತಾರಲ್ಲ, ಹೊರಡೋ ಮುಂಚೆ ಫೋನಲ್ಲಿ, ಬಂದ ಮೇಲೆ ಎದುರಿಗೆ, ಹೆಂಗಿರಬೇಕು, ಏನು ಮಾಡಬಾರದು ಅಂತ."

"ನಂಗೂ ಹೇಳು."

"ನಿಂಗ್ಯಾಕೆ?"

"ಹೊರಟವಳು ತಾನೆ ನಾನೂ? ನೀನೇ ಹೇಳಿದ್ದು."

ಅವಳು ನಗುತ್ತಿದ್ದಳು. ನನಗೆ ನಗು ಬರಲಿಲ್ಲ, ಆದರೂ ಹೇಳಿದೆ. ಪಿಸುಗುಟ್ಟುತ್ತಾ ಹೇಳುವಾಗ ಅದು ಬೇರೆಯದೇ ಮಾತಾಗಿ ಕೇಳುತ್ತಿತ್ತು.

"ಸಾಮಾನು ಕಮ್ಮಿ ಇರಲಿ."

"ಇದೆ. ಸೊಂಟಕ್ಕೆ ಸುತ್ತೋ ಬಟ್ಟೆ ಎರಡು, ಒಂದು ಎಲೆ ಅಡಿಕೆ ಡಬ್ಬಿ. ಅದನ್ನೂ ಬಿಟ್ಟು ಹೋಗ್ತೀನಿ. ಆಮೇಲೆ?"

"ಪಾಸ್‌ಪೋರ್ಟಿಂದು ಒಂದು ನಕಲು ಬೇರೆ ಇಟ್ಕೊಂಡಿರಿ. ಕಳೆದ್ರೆ ಯಾರು ಅಂತ ಗೊತ್ತಾಗಲ್ಲ."

"ನಿಮ್ಮಪ್ಪ ಒಬ್ಬ ಗುರುತು ಹಿಡಿದ್ರೆ ಸಾಕು. ಹಿಡೀತಾನೋ ಇಲ್ವೋ, ಅವನು ಹೋದಾಗ ನಂಗೆ ಹಲ್ಲಿತ್ತು. ಆಮೇಲೆ?"

"ಇಳಿದ ಮೇಲೆ ನಿಮ್ಮ ಹೆಸರು ಬರೆದ ಬೋರ್ಡ್ ಹಿಡ್ಕೊಂಡು ಒಬ್ಬ ನಿಂತಿರ್ತಾನೆ. ಅವನ ಜೊತೇನೇ ಬನ್ನಿ. ಬೇರೆ ಯಾರು ಕರೆದ್ರೂ ಹೋಗಬೇಡಿ."

"ನಂಗೆ ಓದೋಕೆ ಬರಲ್ವಲ್ಲೋ."

ಅವಳ ಹೊದಿಕೆಯ ಅಂಚನ್ನು ಸರಿಮಾಡಿ ಮುಂದೆ ಹೋದೆ. "ಏನೇ ಆದ್ರೂ ಕೂಗಾಡಬೇಡಿ. ಇಲ್ಲಿ ದನಿ ಏರಿಸಿದವರಿಗೆ ಯಾರೂ ಸಹಾಯ ಮಾಡಲ್ಲ."

"ಅದು ಒಳ್ಳೇ ಮಾತು. ನಿನ್ನ ಹೆಂಡ್ತಿಗೂ ಹೇಳು. ಆಮೇಲೆ?"

"ವಾಪಸ್ ಹೋಗೋ ಟಿಕೆಟ್ ಕೈಲಿರಲಿ. ಕೇಳ್ತಾರೆ."

ನಮ್ಮಲ್ಲಿ ಹೋದವರು ಅದೇ ಮನೆಯಲ್ಲೇ ಮತ್ತೆ ಹುಟ್ಟುತ್ತಾರೆ. ಮಗು ಹುಟ್ಟಿದರೆ ಇದು ಯಾರು ಬಂದಿರುವುದು ಎಂದು ಮೈಮೇಲೆ ದೇವರು ಬರುವವರ ಹತ್ತಿರ ಕೇಳಿಕೊಂಡು ಬರುತ್ತೇವೆ. ಈಗ ಮದುವೆಯಾಗಿ ಬೇರೆ ಊರಿನಲ್ಲಿರುವ ನನ್ನ ಮಗಳಾಗಿ ಬಂದಿರುವುದು ನನ್ನಜ್ಜಿ.

"ಅದು ಇದೆ ನನ್ನ ಹತ್ರ," ಎಂದಳು. "ಇದೇ ಮನೆಗೆ ತಾನೆ ಬರೋದು. ಆದ್ರೆ ನಾನು ಬಂದಾಗ ನೀನು ಮನೇಲಿರ್ತೀಯೋ, ಹೋಟ್ಲಲ್ಲಿರ್ತೀಯೋ?"

ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಸುಮ್ಮನೆ ತಿಳಿದುಕೊಳ್ಳಬೇಕೆಂದು ಕೇಳಿದ್ದಳು, ನಾಳೆ ಎಷ್ಟು ಹೊತ್ತಿಗೆ ಬರುತ್ತೀಯ ಎಂದು ಕೇಳುವ ಹಾಗೆ. ನಾನು ತಲೆ ತಗ್ಗಿಸಿದೆ. ಕೆಲಸ ಬಿಡುತ್ತೇನೆ ಎಂದು ಹೇಳಬೇಕೆನ್ನಿಸಿತು. ಬಿಟ್ಟರೆ ಏನು ಮಾಡುವುದು ಎಂದೂ ಅನ್ನಿಸಿತು. ಹೀಗೆ ಅನ್ನಿಸಿ ಅನ್ನಿಸಿಯೇ ಹತ್ತೊಂಬತ್ತು ವರ್ಷ ಕಳೆದದ್ದು.

ಅವಳು ಹೊದಿಕೆಯೊಳಗಿಂದ ಕೈ ತೆಗೆದು ನನ್ನ ಮಂಡಿಯ ಮೇಲಿಟ್ಟಳು.

"ನೋಡು, ಒಂದು ಹೇಳ್ತೀನಿ. ನಿಜವಾಗ್ಲೂ ನಾನು ಹೋಗೋ ದಿನ ನಿಂಗೆ ರಜ ಸಿಗದೇ ಇದ್ರೆ ಒದ್ದಾಡಬೇಡ. ಅಮ್ಮ ಹೋಗುವಾಗ ಪಕ್ಕದಲ್ಲಿರಲಿಲ್ಲ ಅಂತ ಕೊರಗಬೇಡ. ಹೆಂಗೆ ಕೂರ್ತೀಯ, ಹೆಂಗೆ ನೊಣ ಓಡಿಸ್ತೀಯ, ಮುಖ ಹೆಂಗೆ ಮಾಡ್ಕೋತೀಯ, ಎಲ್ಲಾ ಇವತ್ತೇ ನೋಡಿ ಆಯ್ತು ನಂಗೆ. ಎಷ್ಟು ಜನಕ್ಕೆ ಸಿಗುತ್ತೆ ಇದು?"

ನ್ಯೆಪಿಯ ದಿನ ಅಳುವುದೂ ಸದ್ದೇ. ಉಟ್ಟ ವಸ್ತ್ರದ ಚುಂಗನ್ನು ಬಾಯಿಗೆ ತುರುಕಿಕೊಂಡು ಅತ್ತೆ. ಮೇಮೆ ನನ್ನ ಮಂಡಿಯನ್ನು ತಟ್ಟುತ್ತಿದ್ದಳು. ಆಗಲೇ ಮೇಷ್ಟ್ರು ಮೂರನೇ ಸಲ ಬಂದರು, ನನ್ನನ್ನು ನೋಡಿದರು, ಒಳಗೆ ಬರದೆ ಹಾಗೆಯೇ ಹೋದರು. ಅವತ್ತು ಕತ್ತಲಾಗುವವರೆಗೂ ನಾನು ಎದ್ದಿದ್ದು ಎರಡೇ ಸಲ, ಅವಳಿಗೆ ನೀರು ತರಲು.

ಮೇಮೆ ಹೋದದ್ದು ಅದೇ ವರ್ಷ ಆಗಸ್ಟಿನಲ್ಲಿ, ಹೋಟೆಲು ತುಂಬಿ ತುಳುಕುವ ತಿಂಗಳು, ಮಧ್ಯಾಹ್ನ ಎರಡೂವರೆಗೆ. ನ್ಯೆಪಿಯ ದಿನ ಆಡಿದ ಮಾತಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಮೇಷ್ಟ್ರು ಆಮೇಲೆ ನನಗೆ ಬಹಳ ಸಲ ಹೇಳಿದರು. ಬೆಳಿಗ್ಗೆ ಸುವಾಸ್ತಿ ಫೋನ್ ಮಾಡಿ, "ಅತ್ತೆಗೆ ಉಸಿರಾಡೋಕೆ ಆಗ್ತಿಲ್ಲ, ಬನ್ನಿ" ಎಂದಿದ್ದಳು. ನಾನು ಆಗ ವಿಮಾನ ನಿಲ್ದಾಣದಲ್ಲಿದ್ದೆ, ಅತಿಥಿಯೊಬ್ಬರ ಸೂಟ್‌ಕೇಸ್ ಕಳೆದುಹೋಗಿತ್ತು. ಇದೊಂದು ಅರ್ಜಿ ತುಂಬಿಕೊಟ್ಟು ಬರ್ತೀನಿ ಎಂದೆ. ಅವತ್ತು ರಸ್ತೆಗಳೆಲ್ಲ ತೆರೆದಿದ್ದವು, ಯಾರ ಅನುಮತಿಯೂ ಬೇಕಿರಲಿಲ್ಲ, ಮ್ಯಾನೇಜರ್ ಮೇಡಂ ಕೇಳಿದ್ದರೆ ಕೂಡಲೇ ಕಳಿಸುತ್ತಿದ್ದರು. ನಾನು ಕೇಳಲಿಲ್ಲ. ಮನೆ ಮುಟ್ಟುವಾಗ ಅವಳನ್ನು ಪೂರ್ವದ ಕಟ್ಟೆಯ ಮೇಲೆ ಮಲಗಿಸಿದ್ದರು. ಒದ್ದಾಡಬೇಡ ಎಂದಿದ್ದಳು ಮೇಮೆ. ಅದೊಂದು ಮಾತನ್ನು ಮಾತ್ರ ನನ್ನಿಂದ ನಡೆಸಿಕೊಡಲು ಆಗುತ್ತಿಲ್ಲ.